ಜ್ವರದಲ್ಲಿ ಆಡಿದ ಮಾತು

"ಗೊಣಗಿ... ನೀನಾ?"

ಮಾಸ್ಕು, ಟೋಪಿ, ನೀಲಿ ಗೌನು. ಕಾಣುತ್ತಿದ್ದುದು ಎರಡು ಕಣ್ಣು ಮಾತ್ರ. ಆದರೂ ಆಪರೇಷನ್ ಮೇಜಿನ ಮೇಲೆ ಮಲಗಿದ್ದ ದರ್ಜಿ ಗುರುತು ಹಿಡಿದೇಬಿಟ್ಟ!

ಅವಳನ್ನು 'ಗೊಣಗಿ' ಅಂತ ಕರೆಯುತ್ತಿದ್ದವನು ಅವನೊಬ್ಬನೇ. ಜೊತೆ ಕೆಲಸದವನಿಗೆ ಹುಷಾರಿಲ್ಲವೆಂದು ಕೊನೇ ಗಳಿಗೆಯಲ್ಲಿ, ರೋಗಿ ಯಾರೆಂದೂ ನೋಡದೆ ಬಂದವಳು ಅವಳು. ಬೈಪಾಸ್ ಮುಗಿಯುವವರೆಗೆ, ನಿಂತ ಹೃದಯದ ಬದಲು ರಕ್ತ ಓಡಿಸುವ ಯಂತ್ರ ಅವಳ ಕೈಯಲ್ಲಿ. ಇವತ್ತು... ಇವನದೇ ಹೃದಯವಾ?

"ನಾನೇ. ಸುಮ್ಮನೆ ಮಲಗು."

"ಹಾಗಾದ್ರೆ ಭಯ ಇಲ್ಲ," ಎಂದವನ ಕಣ್ಣು ಮದ್ದಿಗೆ ಮುಚ್ಚಿಕೊಂಡಿತು.

ಎಷ್ಟೋ ವರ್ಷದ ಹಿಂದೆ, ಇವರಿಬ್ಬರ ಮದುವೆ ಮಾತಾಡಲು ಅವನ ಮನೆಯವರು ಕಾದು ಕೂತಿದ್ದ ದಿನ ಅವಳಿಗೆ ಆಸ್ಪತ್ರೆಯಿಂದ ತುರ್ತು ಕರೆ ಬಂದಿತ್ತು. "ಆ ಯಂತ್ರಾನೇ ಕಟ್ಕೋ, ಹೋಗು!" ಎಂದು ಅವನು ರೇಗಿದ್ದ. ಆ ಒಂದು ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಹೊರಟವಳು, ಅವನು ಬಂದು ಬಾಗಿಲು ಬಡಿದಾಗಲೂ ತೆರೆಯಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮರುದಿನ ಜ್ವರ ಏರಿತು, ರಕ್ತದೊತ್ತಡ ಕುಸಿಯಿತು. ಸೂಜಿಗೆ ದಾರ ಪೋಣಿಸುವ ಬೆರಳುಗಳು ಬಾಳೆಕಾಯಿಯಂತೆ ಊದಿಕೊಂಡವು.

"ನಂಜೇನಾದ್ರೂ ಆಗಿದೆಯೇನೇ?" ಅವನ ಅಕ್ಕ ಅಳುತ್ತಾ ಕೇಳಿದಳು.

"ಸೋಂಕಲ್ಲ ಅಂತಾರೆ ಡಾಕ್ಟರು. ರಕ್ತ ಯಂತ್ರದ ಕೊಳವೇಲೆಲ್ಲ ಹಾದು ಬರುತ್ತಲ್ಲ ಅಕ್ಕ, ಶತ್ರು ನುಗ್ಗಿದ ಅಂತ ಮೈಯೆಲ್ಲ ದಂಗೆ ಏಳುತ್ತೆ. ಸಾಮಾನ್ಯವಾಗಿ ಇಳಿಯುತ್ತೆ, ಇವರಿಗೆ ಸ್ವಲ್ಪ ಜೋರು. ಜ್ವರದಲ್ಲಿ ಏನೇನೋ ಬಡಬಡಿಸ್ತಾರೆ... ಮನಸ್ಸಿಗೆ ಹಚ್ಕೋಬೇಡಿ."

ಎಲ್ಲ ರೋಗಿಗಳ ಮನೆಯವರಿಗೂ ಅವಳು ಹೇಳುವ ಮಾತದು.

ಹೇಳಿ, ಅವನ ಮಂಚದ ಬಳಿ ಹೋದಳು. ಅವನು ಕೆಂಗಣ್ಣು ತೆರೆದ. "ಯಾಕೆ ಬಂದೆ? ಹೋಗಾಚೆ!"

ಅಷ್ಟೇ! ಊರಿಗೆಲ್ಲ ಬುದ್ಧಿ ಹೇಳುವವಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಬಿಕ್ಕಿದಳು. ಹಿರಿಯ ನರ್ಸ್ ಬಿಸಿ ಚಹಾ ಇಟ್ಟು, ಬಾಗಿಲು ಮುಂದಕ್ಕೆಳೆದುಕೊಂಡು ಹೋದರು.

ಮತ್ತೆ ಅವಳು ಆ ಕಡೆ ಸುಳಿಯಲಿಲ್ಲ. ಕೊನೆಗೆ ಅಕ್ಕನೇ ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ನನಗೊಂದು ನ್ಯಾಯ, ನಿನಗೊಂದಾ? ನನ್ನನ್ನ 'ಕಳ್ಳಿ, ಕತ್ತರಿ ಕೊಡು' ಅಂದ. ನಾನೇನು ಓಡಿಹೋದ್ನಾ? ಜ್ವರ ಬಿಟ್ಟಿದೆ ಕಣೇ. ಬಾಗಿಲು ಕಿರ್ ಅಂದ್ರೆ ಸಾಕು, ಕತ್ತು ಎತ್ತಿ ನೋಡ್ತಾನೆ!"

ಅಯ್ಯೋ... ಮತ್ತದೇ ತಪ್ಪು ಮಾಡಿದೆನಲ್ಲ! ಒಂದು ಮಾತಿಗೆ ಅರ್ಧ ಆಯಸ್ಸನ್ನೇ ತೆತ್ತೆನಲ್ಲ...

ಅವಳು ವಾರ್ಡಿಗೆ ಹೋದಾಗ ಅವನು ದಿಂಬಿಗೊರಗಿ ಅಂಗಿಯ ಗುಂಡಿಯೊಡನೆ ಒದ್ದಾಡುತ್ತಿದ್ದ. ಎಷ್ಟು ಜನಕ್ಕೆ ಅಂಗಿ ಹೊಲಿದ ಕೈ! ಅವಳು ಬಾಗಿ ಗುಂಡಿ ಹಾಕಿದಳು.

"ನಿನಗೆ ಹೋಗು ಅಂದೆನಂತೆ. ನೆನಪೇ ಇಲ್ಲ."

"ಬಿಡು. ಅದು ಜ್ವರ."

"ಮೊದಲನೇ ಸಲದ್ದು ನೆನಪಿದೆ. ಆಗ ಜ್ವರ ಇರಲಿಲ್ಲ. ತಪ್ಪು ನಂದೇ."

"ನೀನು ಬಂದೆಯಲ್ಲ... ಬಾಗಿಲು ತೆರೆಯದವಳು ನಾನು." ಕಣ್ಣೀರು ಅವನ ಕೈಮೇಲೆ ಬಿತ್ತು. "ಎಷ್ಟು ವರ್ಷ ಹಾಳು ಮಾಡ್ಕೊಂಡ್ವಿ!"

"ಹೋದದ್ದನ್ನ ತರೋಕಾಗಲ್ಲ. ಉಳಿದಿರೋದಷ್ಟೂ ನಿಂದೇ. ಬೇಕಾ?"

"ಮತ್ತೆ ಬೈದ್ರೆ?"

"ಬೈತೀನಿ. ನೀನೂ ಬೈಯಿ. ಆದ್ರೆ ಎದ್ದು ಹೋಗ್ಬೇಡ."

ಅವಳು ಸ್ಟೂಲನ್ನು ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತಳು.