ಹೊಗೆ ಆರಿದ ಹೊಸಿಲು

"ಆ ಮಡಕೆಗೆ ನೀರುಯ್ಯಬ್ಯಾಡ ಕಣಪ್ಪಾ. ಒಗೆ ಆರೋದ್ರೆ ರಾಚಮ್ಮ ಬತ್ತಾಳೆ."

"ಬರ್ಲಿ ಬಿಡಜ್ಜಿ. ಒಬ್ಬನೇ ಇದೀನಿ, ಮುದ್ದೆ ತಿರುವಿ ಕೊಡ್ತಾಳೆ," ಎಂದು ನಕ್ಕ ಮೃತ್ಯುಂಜಯ, ಹೊಸಿಲ ಮೇಲಿನ ಹೊಗೆಮಡಕೆಗೆ ಚೊಂಬು ನೀರು ಸುರಿದೇಬಿಟ್ಟ. ಚುಂಯ್ ಎಂದಿತು. ಬೇವಿನೆಲೆಯ ಕಹಿ ಘಾಟು ಎದ್ದು ಸತ್ತಿತು. ಪಕ್ಕದ ಮನೆಯ ಮಲ್ಲಾಜಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಗುಂಡ್ಲುಪೇಟೆ ಬಳಿಯ ಮದ್ದೂರಿನ ಕಾಡಂಚಿನ ಆ ಹಳ್ಳಿಗೆ ಅವನು ಮೈಸೂರಿನಿಂದ ಬಂದದ್ದು ಚೆಂಡುಹೂ ಕೊಂಡು ಕೇರಳದ ಲಾರಿಗೆ ತುಂಬಿಸಲು. ಬಾಡಿಗೆಗೆ ಸಿಕ್ಕಿದ್ದು ರಾಚಮ್ಮನ ಪಾಳುಮನೆ. ಅವಳು ಯಾರೋ ಮಾಡಿಸಿದ ಮಾಟ ದಾಟಿದಳಂತೆ, ಕಾಲು ಆನೆಕಾಲಾಯಿತಂತೆ. ಮುಟ್ಟಿದರೆ ಅಂಟೀತೆಂದು ಊರಿನವರು ಬಾಗಿಲಲ್ಲಿ ಅನ್ನ ಇಟ್ಟು ಓಡುತ್ತಿದ್ದರು. "ಒಂದ್ಗಳಿಗೆ ಕೂತ್ಕಂಡು ಓಗ್ರವ್ವಾ" ಎಂದು ಕೂಗಿ ಕೂಗಿ ಸಾಕಾಗಿ, ಕೊನೆಗೆ "ನನ್ ಕಾಲು ನಿಮ್ಗೂ ಬರ್ಲಿ" ಎಂದು ಶಪಿಸಿ ಸತ್ತಳು. ಅಂದಿನಿಂದ ಮುಸ್ಸಂಜೆಗೆ ಆ ಹೊಸಿಲಲ್ಲಿ ಹೊಗೆ.

ಕತ್ತಲಾಯಿತು. ಹಿತ್ತಿಲ ಕೊಳೆತ ನೀರಿನ ವಾಸನೆ ಒಳಗೆ ಬಂತು. ಹಿಂದೆಯೇ ಸೊಳ್ಳೆಗಳ ಗುಂಯ್‌ಗುಡುವಿಕೆ, ಹೆಂಗಸೊಬ್ಬಳು ಬಾಯಿ ಮುಚ್ಚಿಕೊಂಡು ಅಳುವಂತೆ. ಆಮೇಲೆ ಹೆಜ್ಜೆ. ಒಂದು ಹಗುರ. ಒಂದು ಭಾರ. ನೆಲ ಅದುರಿತು. ಕಾಲ ಬಳಿ ಯಾರೋ ಕೂತರು. ತಣ್ಣನೆಯ ಕೈ ಮೊಣಕಾಲು ಸವರಿತು.

ಬೆಳಗ್ಗೆ ನೋಡಿದರೆ ಕಾಲ ತುಂಬ ಸೊಳ್ಳೆ ಕಚ್ಚಿದ ಕಲೆ, ಅಷ್ಟೇ. ಕನಸೆಂದುಕೊಂಡ. ಹಟಕ್ಕೆ ಮುಂದೆಯೂ ಹೊಗೆ ಹಾಕಲಿಲ್ಲ.

ವರ್ಷಗಳು ಕಳೆದವು. ಚಳಿಜ್ವರ ಬಂದು ಬಂದು ಹೋಯಿತು. ಕಾಲು ಊದಿತು, ತೊಗಲು ಒರಟಾಯಿತು. "ಸೊಳ್ಳೆ ಕಚ್ಚಿ ಮೈಗೆ ಹುಳ ಸೇರಿದೆ. ಮಾತ್ರೆಗೆ ಹುಳ ಸಾಯುತ್ತೆ, ಕಾಲು ಮಾತ್ರ ಮೊದಲಿನಂಗಾಗಲ್ಲ. ಮುಟ್ಟಿದರೆ ಅಂಟೋ ರೋಗ ಅಲ್ಲ ಇದು," ಎಂದರು ಗುಂಡ್ಲುಪೇಟೆಯ ಡಾಕ್ಟರು. ಮದುವೆಗೆ ಒಪ್ಪಿದ್ದ ಶಶಿರೇಖಾ ನಂಬಲಿಲ್ಲ. ಅವಳ ಫೋನು ನಿಂತಿತು. ಲಾರಿಯವರು ದೂರದಿಂದ ಮಾತಾಡಿದರು, ಆಮೇಲೆ ಅದೂ ಇಲ್ಲ.

ಈಗ ಮುಸ್ಸಂಜೆಗೆ ಮಲ್ಲಾಜಮ್ಮನೇ ಬಂದು ಹೊಸಿಲಲ್ಲಿ ಹೊಗೆಮಡಕೆ, ಪಕ್ಕದಲ್ಲಿ ಮುದ್ದೆ ತಟ್ಟೆ ಇಟ್ಟು ಸರಸರ ತಿರುಗುತ್ತಾಳೆ.

"ಒಂದ್ಗಳಿಗೆ ಕೂತ್ಕೊಂಡು ಹೋಗಜ್ಜೀ."

"ಇಲ್ಲ ಕಣಪ್ಪಾ, ಒಲೆ ಮ್ಯಾಲೆ ಎಸ್ರು ಮಡಗಿವ್ನಿ."

ಅವಳ ಬಾಗಿಲ ಅಗುಳಿ ಬಿದ್ದ ಸದ್ದು. ಇವತ್ತು ಮೃತ್ಯುಂಜಯ ಭಾರದ ಕಾಲೆಳೆದುಕೊಂಡು ಹೊಸಿಲಿಗೆ ಬಂದ. ಮಡಕೆಗೆ ಚೊಂಬು ನೀರು ಸುರಿದ. ಚುಂಯ್.

ಒಳಗೆ ಹೋಗಿ ಗೋಡೆಗೊರಗಿ ಕೂತ. ಪಕ್ಕದಲ್ಲಿ ಇನ್ನೊಂದು ಚಾಪೆ ಹಾಸಿ, ಹೆಜ್ಜೆಗಾಗಿ ಕಾದ.