ಬಿಟ್ಟುಕೊಟ್ಟ ಉಸಿರು

ಕಾರಿಡಾರಿನ ಕುರ್ಚಿಗಳು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದವು. ಅವುಗಳ ಮೇಲೆ ಕೂತವರಿಗೆ ಮಾತ್ರ ಬೆನ್ನು ಊರುವ ಧೈರ್ಯವಿರಲಿಲ್ಲ. ಒಬ್ಬ ಹುಡುಗಿ ವಾದ್ಯದ ಪೆಟ್ಟಿಗೆಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಇನ್ನೊಬ್ಬ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಯೂನಿವರ್ಸಿಟಿಯ ಸಂಗೀತ ಪದವಿಗೆ ಅಂದು ಆಡಿಶನ್. ಇವರಿಂದಾಚೆ ಬರಿಗೈಯಲ್ಲಿ ಬಂದ ಒಬ್ಬ ಹುಡುಗ, ಒಬ್ಬಳು ಹುಡುಗಿ ಅಕ್ಕಪಕ್ಕ ಕೂತಿದ್ದರು.

"ಜೀರಿಗೆ, ಕೈ ಕೊಡು ಇಲ್ಲಿ."

"ಯಾಕೆ?"

"ನಡುಗ್ತಿದ್ಯೋ ಇಲ್ವೋ ನೋಡೋಣ ಅಂತ."

"ನಡುಗಿದ್ರೆ ನಿಂಗೇನು? ನಾನೇನು ಕೈಯಲ್ಲಿ ಹಾಡ್ತೀನಾ?"

ಅವನು ನಕ್ಕ. ಸಣ್ಣ ಮೈಯ ಅವಳಿಗೆ ಜೀರಿಗೆ ಎಂದು ಹೆಸರಿಟ್ಟವನು ಅವನೇ. ಅವನನ್ನು ಎಲ್ಲರೂ ಗಂಟೆ ಎನ್ನುತ್ತಿದ್ದರು. ಪ್ರಾರ್ಥನಾ ಮಂದಿರದಲ್ಲಿ ಅವನು ಬಾಯಿ ತೆರೆದರೆ ಬೀದಿಯಲ್ಲಿ ಹೋಗುವವರೂ ನಡಿಗೆ ನಿಧಾನ ಮಾಡುತ್ತಿದ್ದರು. ಬುದ್ಧಿ ತಿಳಿದಂದಿನಿಂದ ಇಬ್ಬರೂ ಅಲ್ಲಿ ಜೋಡಿಯಾಗಿ ಹಾಡಿದವರು. 'ಈ ಮಕ್ಕಳ ಹಾಡು ಎಲ್ಲೂ ತುಂಡಾಗೋದೇ ಇಲ್ಲ, ನೀರು ಹರಿದ ಹಾಗೆ' ಎಂದು ಹಿರಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅವನ ನೋಟ ಅವಳ ಹೊಸ ಅಂಗಿಯ ಮೇಲೆ ನಿಂತಿತು. "ಅಮ್ಮ ಹೊಲಿದದ್ದಾ? ಸ್ವಲ್ಪ ದೊಗಲೆ ಆಯ್ತು."

"ದೊಗಲೆ ಅಲ್ಲ. ಉಸಿರು ತುಂಬಿ ತಗೊಳ್ಳೋಕೆ ಜಾಗ ಬಿಟ್ಟಿದ್ದಾಳೆ."

ಅವಳಮ್ಮನಿಗೆ ಹೊಲಿಗೆಯಂಗಡಿ. ಮಗಳು ಯಂತ್ರ ತುಳಿಯುವುದು ಬೇಡ, ಹಾಡೇ ಅವಳ ಬದುಕಾಗಲಿ ಎಂಬುದು ಆಕೆಯ ದಿನದ ಪ್ರಾರ್ಥನೆ. ಮಗಳದೂ ಅದೇ. ಅದರ ಜೊತೆಗೆ ದೇವರಿಗೆ ಮಾತ್ರ ಗೊತ್ತಿದ್ದ ಇನ್ನೊಂದು ಪ್ರಾರ್ಥನೆಯೂ ಅವಳಿಗಿತ್ತು. ಅದು ಈಗ ಪಕ್ಕದಲ್ಲೇ ಕೂತು ಕಾಲು ಕುಣಿಸುತ್ತಿತ್ತು.

"ಇಬ್ರಿಗೂ ಸಿಕ್ಕಿದ್ರೆ ಒಂದು ಮಾತು ಹೇಳ್ತೀನಿ," ಅಂದ ಅವನು, ಎದುರಿನ ಗೋಡೆ ನೋಡುತ್ತ.

"ಈಗಲೇ ಹೇಳು."

"ಈಗ ಹೇಳಿದ್ರೆ ನಿನ್ನ ಶ್ರುತಿ ತಪ್ಪುತ್ತೆ."

ಅವಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅವನ ಸರದಿ ಬಂತು.

ಬಾಗಿಲು ಮುಚ್ಚಿದರೂ ಅವನ ದನಿಗೆ ಬಾಗಿಲಿರಲಿಲ್ಲ. ಇಬ್ಬರೂ ಮಂದಿರದಲ್ಲಿ ಹಾಡುತ್ತಿದ್ದ ಅದೇ ಪ್ರಾರ್ಥನೆ. ಅವಳು ಕೇಳುತ್ತ ಕೂತಳು. ಅವನು ಸಾಲು ಮುಗಿಸಿ ಉಸಿರೆಳೆದುಕೊಂಡಾಗ ಇವಳು ಉಸಿರು ಬಿಗಿಹಿಡಿದಳು. ಅವನ ದನಿ ಮತ್ತೆ ಏರಿದ ಮೇಲೆ ಸರಕ್ಕನೆ ಒಂದು ತುಣುಕು ಉಸಿರು ಕದ್ದುಕೊಂಡಳು. ಹೀಗೆ ಪ್ರತಿ ಸಾಲಿಗೂ.

ಪಕ್ಕದ ಕುರ್ಚಿಯ ಹೆಂಗಸು ಬಗ್ಗಿ ನೋಡಿದಳು. "ಏನಮ್ಮ, ಉಬ್ಬಸಾನಾ ನಿಂಗೆ?"

"ಇಲ್ಲ ಆಂಟಿ, ಹಾಡು ಕೇಳ್ತಿದ್ದೆ."

ಇಲ್ಲಿ ಫಲಿತಾಂಶಕ್ಕೆ ಕಾಯಿಸುತ್ತಿರಲಿಲ್ಲ, ಒಳಗೇ ಹೇಳಿ ಕಳಿಸುತ್ತಿದ್ದರು. ಅವನು ಹೊರಬಂದಾಗ ಮುಖವೇ ದೀಪವಾಗಿತ್ತು. 'ಸಿಕ್ತು' ಎಂದು ತುಟಿಯಲ್ಲೇ ಅಂದು, ಹುಬ್ಬು ಹಾರಿಸಿ, ಕೆಳಗೆ ಮೆಟ್ಟಿಲ ಬಳಿ ಇರುತ್ತೇನೆಂದು ಕೈ ಮಾಡಿ ಹೋದ.

ಒಳಗೆ ಮೂವರು ಪರೀಕ್ಷಕರು. ನಡುವೆ ಕೂತಿದ್ದ ವಯಸ್ಸಾದ ಮೇಡಂ ಕನ್ನಡಕ ತೆಗೆದಿಟ್ಟು ಕಣ್ಣು ಮುಚ್ಚಿಕೊಂಡರು. ಅವಳು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದು ಹಾಡಿದಳು. ದನಿ ತಿಳಿಯಾಗಿತ್ತು, ಶ್ರುತಿ ಕೂದಲಷ್ಟೂ ಸರಿಯಲಿಲ್ಲ. ಹಾಡು ಮುಗಿದಾಗ ಅವಳಿಗೇ ಅನ್ನಿಸಿತು, ಆಯಿತು, ಸಿಕ್ಕಿತು.

"ಒಳ್ಳೆ ಕಂಠ ಮಗೂ," ಎಂದರು ಮೇಡಂ. "ಒಂದು ವಿಷಯ ಕೇಳ್ತೀನಿ. 'ಬೆಳಕು' ಅನ್ನೋ ಪದಾನ ಯಾಕೆ ಎರಡು ತುಂಡು ಮಾಡ್ದೆ?"

"ನಾನಾ?"

"ಬೆಳ ಅಂದೆ, ಉಸಿರು ತಗೊಂಡೆ, ಆಮೇಲೆ ಕು ಅಂದೆ. ಎಲ್ಲ ಸಾಲಲ್ಲೂ ಹಾಗೇ. ಸಾಲು ಮುಗಿದಾಗ ತಗೊಳ್ಳಲ್ಲ, ಪದದ ನಡುವೆ ತಗೊಳ್ತೀಯ."

"ಸಾಲು ಮುಗಿದಾಗ ತಗೊಂಡ್ರೆ ಹಾಡು ನಿಂತುಹೋಗುತ್ತೆ ಮೇಡಂ."

ಅಂದುಬಿಟ್ಟ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಸಾಲಿನ ಕೊನೆಯಲ್ಲಿ ಗಂಟೆ ಉಸಿರೆಳೆಯುತ್ತಾನೆ. ಆಗ ಹಾಡು ತುಂಡಾಗದಂತೆ ಕೊನೆಯ ಸ್ವರವನ್ನು ಹಿಡಿದು ನಿಲ್ಲುವವಳು ಅವಳು. ಅವನ ದನಿ ತುಂಬಿ ಬಂದ ಮೇಲೆ ಅದರ ಮರೆಯಲ್ಲಿ, ಪದವೋ ಅರ್ಧಪದವೋ, ಸಿಕ್ಕಲ್ಲಿ ಉಸಿರು ಹೆಕ್ಕಿಕೊಳ್ಳುತ್ತಾಳೆ. ಯಾರೂ ಕಲಿಸಿದ್ದಲ್ಲ. ಇನ್ನೊಬ್ಬರು ಹಿಂಡಿ ಹರವುವ ಬಟ್ಟೆಯ ಮತ್ತೊಂದು ತುದಿಯನ್ನು ತಾನಾಗಿಯೇ ಹಿಡಿದುಕೊಳ್ಳುವ ಹಾಗೆ ಹಿಡಿದದ್ದು. ಅವನ ದನಿಯಿಲ್ಲದೆ ಇಂದು ಆ ಮರೆ ಇರಲಿಲ್ಲ.

"ಯಾರ ಜೊತೆ ಹಾಡ್ತೀಯ ನೀನು?" ಮೇಡಂ ದನಿ ತಗ್ಗಿತ್ತು.

ಅವಳ ಕಣ್ಣು ಬಾಗಿಲ ಕಡೆ ಹೋಗಿ ಬಂತು. ಅವರಿಗೆ ಅಷ್ಟು ಸಾಕಾಯಿತು.

"ಇನ್ನೊಂದ್ಸಲ ಹಾಡು. ಸಾಲು ಮುಗಿದಲ್ಲಿ ನಿಲ್ಲು, ಆರಾಮಾಗಿ ಉಸಿರು ತಗೋ."

ಹಾಡಿದಳು. ಸಾಲಿನ ಕೊನೆ ಬಂತು. ನಿಲ್ಲಬೇಕು ಎಂದು ಮನಸ್ಸು ಹೇಳಿತು, ಗಂಟಲು ಕೇಳಲಿಲ್ಲ. ಮತ್ತೆ 'ಬೆಳ'ದ ಹತ್ತಿರ ಬಂದು ಮುಗ್ಗರಿಸಿತು.

"ಈ ವರ್ಷ ಬೇಡ ಮಗೂ. ಒಂದು ವರ್ಷ ಒಬ್ಬಳೇ ಹಾಡು. ಆಮೇಲೆ ಬಾ. ದೇವರು ಉಸಿರು ನಿಂಗೂ ಕೊಟ್ಟಿದ್ದಾನೆ."

ಮೆಟ್ಟಿಲ ಬಳಿ ಅವನು ಎದ್ದು ನಿಂತ. "ಏನಂದ್ರು?"

"ಮುಂದಿನ ವರ್ಷ ಬಾ ಅಂದ್ರು."

"ಛೇ! ಅವರಿಗೇನು ಕಿವಿ ಇಲ್ವಾ?"

"ಇದೆ. ಪದದ ನಡುವೆ ಉಸಿರು ತಗೊಳ್ತೀನಂತೆ ನಾನು."

ಗೊತ್ತಿಲ್ಲದವನಾಗಿದ್ದರೆ 'ಹಾಗಂದ್ರೇನು' ಎಂದು ಕೇಳುತ್ತಿದ್ದ. ಅವನು ಕೇಳಲಿಲ್ಲ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ.

"ನಿಂಗೆ ಗೊತ್ತಿತ್ತಾ?"

ಪಟ್ಟಿ ಇನ್ನೊಂದು ಸುತ್ತು ಸುತ್ತಿತು.

"ಗಂಟೆ, ನಿನ್ನನ್ನೇ ಕೇಳ್ತಿರೋದು."

"ಪಕ್ಕದಲ್ಲೇ ನಿಂತಿರ್ತೀನಲ್ಲ ಮಾರಾಯ್ತಿ, ಕೇಳಿಸದೆ ಇರುತ್ತಾ?"

"ಯಾವಾಗಿಂದ?"

"ಮೊದಲಿಂದ."

"ಒಂದ್ಸಲನೂ ಹೇಳ್ಲಿಲ್ಲ. ಆಡಿಶನ್ ಇದೆ ಅಂತ ಗೊತ್ತಾದ ಮೇಲೂ ಹೇಳ್ಲಿಲ್ಲ."

"ಹೇಳಿದ್ರೆ ನೀನು ಸರಿ ಮಾಡ್ಕೊಳ್ತಿದ್ದೆ. ಆಮೇಲೆ ನನ್ನ ಸಾಲು ಯಾರು ಹಿಡೀತಿದ್ರು?" ನಗೆಯಾಡಿದಂತೆ ಅಂದ. ಆದರೆ ನಗು ಅರ್ಧಕ್ಕೇ ನಿಂತಿತು. ಆಡಿದ್ದೇನು ಎಂದು ಅವನಿಗೂ ಹೊಳೆದಿತ್ತು. "ಜೀರಿಗೆ, ಹಾಗಲ್ಲ. ಆ ಮಾತು ಹೇಳ್ತೀನಿ ಅಂದಿದ್ನಲ್ಲ... ನಂಗೆ ನೀನಂದ್ರೆ ಪ್ರಾಣ ಕಣೇ. ನೀನಿಲ್ದೆ ನಂಗೆ ಹಾಡೋಕೇ ಆಗಲ್ಲ."

ಎಷ್ಟು ವರ್ಷ ಬೇಡಿಕೊಂಡಿದ್ದ ಮಾತು! ದೇವರು ಕೊಟ್ಟೇಬಿಟ್ಟ. ಅವಳು ಅವನ ಮುಖವನ್ನು ನೋಡಿದಳು. ಸುಳ್ಳಿರಲಿಲ್ಲ ಅಲ್ಲಿ. ಅದಕ್ಕೇ ಹೆಚ್ಚು ನೋವಾಯಿತು.

"ಈಗ ತಾನೆ ಹಾಡಿ ಬಂದ್ಯಲ್ಲ," ಅಂದಳು. "ಚೆನ್ನಾಗೇ ಹಾಡ್ದೆ. ಹೊರಗೆ ಕೂತು ಕೇಳ್ದೆ."

ಅವನು ಓದಲು ಹೊರಡುವ ಮುಂಚೆ, ಮಂದಿರದ ಕೊನೆಯ ಪ್ರಾರ್ಥನೆಯಂದು ಹಿರಿಯರು ಜೋಡಿ ಹಾಡು ಕೇಳಿದರು. ಇಬ್ಬರೂ ಎಂದಿನ ಜಾಗದಲ್ಲಿ ನಿಂತರು. ಅವಳು ಅದೇ ಅಂಗಿ ಹಾಕಿದ್ದಳು.

ಮೊದಲ ಸಾಲು ಏರಿ ಇಳಿದು ಕೊನೆಗೆ ಬಂತು. ಅವನು ಉಸಿರಿಗೆಂದು ನಿಂತ. ಅವಳೂ ನಿಂತಳು. ಉಸಿರು ಒಳಗೆ ಬಂತು, ಆಳಕ್ಕೆ ಇಳಿಯಿತು, ಅಮ್ಮ ಅಂಗಿಯಲ್ಲಿ ಬಿಟ್ಟಿದ್ದ ಜಾಗ ಮೊದಲ ಸಲ ತುಂಬಿತು.

ಹಾಡಿಲ್ಲದ ಒಂದು ಕ್ಷಣ. ರೆಪ್ಪೆ ಬಡಿಯುವಷ್ಟು ಹೊತ್ತು, ಆದರೂ ತಲೆಗಳು ಎದ್ದವು. ಯಾವಾಗಲೂ ಸಭೆಯನ್ನು ನೋಡಿ ಹಾಡುತ್ತಿದ್ದವನು ಅವಳ ಕಡೆ ತಿರುಗಿದ. ಆ ಕಣ್ಣು ಹಿಡಿದುಕೋ ಎನ್ನುತ್ತಿತ್ತು. ಎರಡನೆಯ ಸಾಲಿಗೂ ಅವಳು ಹಿಡಿಯಲಿಲ್ಲ. ಮೂರನೆಯದಕ್ಕೆ ಅವನು ಬೇಡುವುದನ್ನು ಬಿಟ್ಟ. 'ಬೆಳಕು' ಎಂಬ ಪದವನ್ನು ಅವಳು ಇಡಿಯಾಗಿ ಹಾಡಿದಳು.

"ಏನಮ್ಮ, ಇವತ್ತು ಹಾಡು ಅಲ್ಲಲ್ಲಿ ಕಡಿದ ಹಾಗಾಯ್ತು?" ಎಂದರು ಬಾಗಿಲಲ್ಲಿ ಒಬ್ಬ ಹಿರಿಯರು. "ಹುಷಾರಿಲ್ವಾ?"

"ಹುಷಾರಾಗಿದ್ದೀನಿ ತಾತ."

ಅವನು ಗೇಟಿನ ಬಳಿ ಕಾಯುತ್ತಿದ್ದ. "ನಿಲ್ಲಿಸಿಬಿಟ್ಯಲ್ಲ."

"ನೀನೂ ನಿಲ್ಲಿಸ್ದೆ. ಯಾವಾಗಲೂ ನಿಲ್ಲಿಸ್ತಿದ್ದೆ. ಇವತ್ತು ಕೇಳಿಸ್ತು ಅಷ್ಟೆ."

ಅವಳು ಅವನ ಶರ್ಟಿನ ಬಿಚ್ಚಿದ್ದ ಕಾಲರ್ ಗುಂಡಿಯನ್ನು ಹಾಕಿ, ಅಂಗೈಯಿಂದ ಒಮ್ಮೆ ಸವರಿ, ಹೊರಟಳು. ಹಿಂದೆ ಹೆಜ್ಜೆ ಸದ್ದು ಬರುತ್ತದೇನೋ ಎಂದು ಬೀದಿ ತಿರುಗುವವರೆಗೂ ಕಿವಿಗೊಟ್ಟಿದ್ದಳು. ಬರಲಿಲ್ಲ.

ಅಂಗಡಿಯಲ್ಲಿ ಅಮ್ಮ ಯಂತ್ರ ತುಳಿಯುತ್ತಿದ್ದಳು. ಬಟ್ಟೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಹೇಗಾಯ್ತೇ ಹಾಡು?"

"ಚೆನ್ನಾ..." ಅಂದಳು ಮಗಳು.

ಉಸಿರು ಅಲ್ಲೇ ಕಡಿಯಿತು. ಅಮ್ಮ ಅಂಗೈಯಿಂದ ಚಕ್ರ ಹಿಡಿದು ಯಂತ್ರ ನಿಲ್ಲಿಸಿ, ಉಳಿದರ್ಧ ಪದಕ್ಕಾಗಿ ಕಾದಳು.