ಕೇಳಿದ ತೂಕ

"ಇಪ್ಪತ್ತೆರಡು ಕಿಲೋ ಅಂತ ಬರದದ. ಇದನ್ನ ಯಾರು ತೂಗಿದ್ರು?"

ಹುಮೇರಾ ತಲೆ ಎತ್ತಿದಳು. ಕೇಳಿದವನು ಅರಿವಳಿಕೆಯ ಡಾಕ್ಟರ್ ಅಜರ್. ಹುಮನಾಬಾದಿನ ಹೆದ್ದಾರಿ ಪಕ್ಕದ ಈ ಆಸ್ಪತ್ರೆಗೆ ಅವನು ಬಂದು ಎಂಟೇ ದಿನ. ಇಲ್ಲಿನ ತುರ್ತು ಚಿಕಿತ್ಸಾ ಕೋಣೆಯಲ್ಲಿ ನರ್ಸ್ ಆಗಿ ಅವಳಿಗೆ ಆರು ವರ್ಷ. ದಿನಾ ಬಸವಕಲ್ಯಾಣದಿಂದ ಬಸ್ಸು ಹತ್ತಿ ಬರುವ ಈ ಹುಡುಗಿ ಬರೆದ ಚೀಟಿಯನ್ನು ಇದುವರೆಗೆ ಯಾವ ಡಾಕ್ಟರೂ ಎರಡನೇ ಸಲ ಓದಿದವರಲ್ಲ.

"ಕೂಸಿನ ಅಜ್ಜಿ ಹೇಳ್ಯಾರ್ರಿ."

"ಹೇಳ್ಯಾರ. ತೂಗಿಲ್ಲ."

ಅವನು ಕೆಂಪು ಪೆನ್ನಿನಿಂದ ಅವಳ ಅಂಕಿಯ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಬರೆದ: ಕೇಳಿದ ತೂಕ.

"ಇದರ ಮ್ಯಾಲ ನಾ ಸೂಜಿ ಹಾಕಂಗಿಲ್ರಿ ಸಿಸ್ಟರ್."

ಕೋಣೆಯಲ್ಲಿ ಏಳು ಜನರಿದ್ದರು. ಏಳೂ ಜನಕ್ಕೆ ಕೇಳಿಸಿತು. ಹುಮೇರಾಳ ಕಿವಿ ಬಿಸಿಯಾಯಿತು.

'ಎಂಟು ದಿನದಿಂದ ಇವನ ನಗೆ ಚೆಂದ ಅಂದುಕೊಂಡಿದ್ದೆನಲ್ಲ... ನನ್ನ ಕಣ್ಣಿಗೇನಾಗಿತ್ತು?'

ಹಾಸಿಗೆಯ ಮೇಲೆ ಏಳು ವರ್ಷದ ಮನೀಷಾ ಅಳುತ್ತಿದ್ದಳು. ಮುಡಬಿಯ ಶೇರ್ ಆಟೋದಿಂದ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಎಲುಬು ಜಗ್ಗಿ ಕೂಡಿಸಬೇಕು. ಆದರೆ ಆಗಷ್ಟೇ ಹೊಟ್ಟೆ ತುಂಬ ಜಿಲೇಬಿ ತಿಂದ ಮಗುವಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದು ಒಳ್ಳೆಯದಲ್ಲ. ತೊಡೆಯ ಬುಡದಲ್ಲಿ ನರದ ಸುತ್ತ ಔಷಧ ಬಿಟ್ಟು, ಆ ಕಾಲಿನ ನೋವನ್ನಷ್ಟೇ ತಡೆಯುವುದು ಅಜರ್‌ನ ಯೋಚನೆ.

"ಕಾಲು ಸತ್ತು ಹೋಗ್ತದೇನ್ರಿ ಸಾಹೇಬ್ರ?" ಅಜ್ಜಿ ಸಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಕೇಳಿದಳು.

"ಇಲ್ರಿ ಅವ್ವ. ಜರಾ ನಿದ್ದಿ ಮಾಡ್ತದ, ನಾಳೆ ಮುಂಜಾನಿ ಅನ್ನೋದ್ರಾಗ ಎದ್ದು ಕೂಡ್ತದ. ಆದ್ರ ಔಷಧ ಕೂಸಿನ ತೂಕಕ್ಕ ತಕ್ಕಷ್ಟೇ ಇರಬೇಕು. ಹೆಚ್ಚಾದ್ರ ರಕ್ತಕ್ಕ ಸೇರಿ ಸೆಳವು ಬರ್ತದ, ಎದಿ ಬಡಿತ ಕೆಡ್ತದ. ಅದಕ್ಕ ಕೇಳಾಕತ್ತೇನಿ."

"ಕೂಸು ನಿಂದ್ರಂಗಿಲ್ಲ. ಹ್ಯಾಂಗ ತೂಗಬೇಕ್ರಿ?" ಹುಮೇರಾಳ ದನಿಯಲ್ಲಿ ಖಾರವಿತ್ತು. ಆದರೆ ಕೈಯಲ್ಲಿ ಕೆಲಸ ಇದ್ದಾಗ ಅವಳ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಉತ್ತರವನ್ನೂ ಅವಳೇ ಕೊಟ್ಟಳು. "ಬಾಜೂಕ ಅಡತಿ ಅಂಗಡ್ಯಾಗ ಚೀಲ ತೂಗೋ ಕಾಟಾ ಅದ. ಕಾಲು ಅಲುಗದಂಗ ಪಟ್ಟಿ ಕಟ್ಟಿ ಸ್ಟ್ರೆಚರ್ ಸಮೇತ ತೂಗೋಣು. ಖಾಲಿ ಸ್ಟ್ರೆಚರಿನ ತೂಕ ಕಳದ್ರ ಆತು."

ಅಜರ್ ಅವಳನ್ನು ಒಂದು ಕ್ಷಣ ನೋಡಿದ. "ತರಸ್ರಿ."

ಹಮಾಲರಿಬ್ಬರು ಕಾಟಾ ಹೊತ್ತು ತಂದರು. ತೂಗಿದರು. ಕಳೆದರು.

ಹದಿನೇಳು ಕಿಲೋ.

ಎಲ್ಲರೂ ಸಂಗಮ್ಮನ ಕಡೆ ತಿರುಗಿದರು.

"ಸುಳ್ಳು ಹೇಳಿಲ್ರಿ ನಾ... ಜ್ವರ ಬಿಟ್ರ ಕೂಸಿನ್ನ ಬೆಲ್ಲಕ್ಕ ತೂಗ್ತೀನಂತ ಬೇಡ್ಕೊಂಡಿದ್ದೆ. ಹೋದ ತಿಂಗಳು ಗುಡ್ಯಾಗ ತೂಗಿದಾಗ ಇಪ್ಪತ್ತೆರಡು ಬಂತು. ದೇವರಿಗೆ ಕಮ್ಮಿ ಆಗಬಾರದಂತ ಆಕಿ ಉಡ್ಯಾಗ ಎರಡು ಕಾಯಿ ಇಟ್ಟಿದ್ದೆ. ನಾಕು ಸೇರು ಜೋಳನೂ ಹಾಕಿದ್ದೆ."

ಹುಮೇರಾ ತುಟಿ ಕಚ್ಚಿಕೊಂಡಳು. ಚಿಕ್ಕಂದಿನಲ್ಲಿ ದರ್ಗಾದಲ್ಲಿ ಅವಳನ್ನು ಸಕ್ಕರೆಗೆ ತೂಗುವಾಗ ಅಮ್ಮಿ ಅವಳ ಉಡಿಯಲ್ಲಿ ತಾಮ್ರದ ತಂಬಿಗೆ ಇಟ್ಟಿದ್ದರು. ಈ ಸೀಮೆಯಲ್ಲಿ ಹರಕೆಯ ತೂಕ ಯಾವತ್ತೂ ಒಂದು ಕೈ ಮೇಲೆಯೇ. ಬೇರೆಯವರಿಗೆ ಗೊತ್ತಿಲ್ಲದಿದ್ದರೆ ಬಿಡಿ, ಅವಳಿಗೆ ಹೊಳೆಯಬೇಕಿತ್ತು.

ಅಜರ್ ಹದಿನೇಳಕ್ಕೆ ಲೆಕ್ಕ ಹಾಕಿ ಔಷಧ ಎಳೆದುಕೊಂಡ. ಅದಕ್ಕೂ ಮೊದಲು, ಹೆಚ್ಚುಕಮ್ಮಿಯಾದರೆ ಕೊಡುವ ಹಾಲಿನಂಥ ಬಿಳಿ ಔಷಧದ ಬಾಟಲಿಯನ್ನು ಮಂಚದ ಪಕ್ಕಕ್ಕೆ ತರಿಸಿದ. ಸ್ಕ್ಯಾನ್ ಪರದೆಯಲ್ಲಿ ಸೂಜಿಯ ತುದಿ ನೋಡುತ್ತ ಸ್ವಲ್ಪ ಬಿಟ್ಟ, ನಿಂತ, ರಕ್ತ ಬರುತ್ತದೇನೋ ಎಂದು ಹಿಂದಕ್ಕೆ ಎಳೆದು ನೋಡಿದ, ಮತ್ತೆ ಸ್ವಲ್ಪ ಬಿಟ್ಟ.

"ಬಾಯಾಗ ಕಬ್ಬಿಣದ ರುಚಿ ಬರಾಕತ್ತದೇನವ್ವ? ಕಿವ್ಯಾಗ ಗುಂಯ್ ಅಂತದೇನು?" ಔಷಧ ರಕ್ತಕ್ಕೆ ಸೇರಿದರೆ ಮೊದಲು ಕಾಣುವ ಗುರುತುಗಳನ್ನು ಅವನು ಕೇಳಿದ.

"ಇಲ್ರಿ. ಜಿಲೇಬಿ ರುಚಿ ಅದ," ಎಂದಳು ಮನೀಷಾ.

ಕಾಲು ಗಂಟೆಯಲ್ಲಿ ಅವಳ ಅಳು ನಿಂತಿತು. ಎಲುಬು ಕೂಡಿಸುವಾಗ ಅವಳು ಹುಮೇರಾಳ ಬಳೆ ಎಣಿಸುತ್ತಿದ್ದಳು. ಎಲ್ಲ ಮುಗಿದರೂ ಅಜರ್ ಅರ್ಧ ಗಂಟೆ ಅವಳ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಹುಮೇರಾ ತಪ್ಪೊಪ್ಪಿಕೊಂಡು ಬಿಡುತ್ತಿದ್ದಳು. ಆದರೆ ಚಹಾ ಕೊಡಲು ಹೋದವಳ ಕಣ್ಣಿಗೆ, ಅವನ ತೊಡೆಯ ಮೇಲಿದ್ದ ಕಪ್ಪು ನೋಟುಬುಕ್ಕಿನಲ್ಲಿ ತನ್ನ ಹೆಸರು ಬಿತ್ತು. 'ಹುಮೇರಾ, ಇಪ್ಪತ್ತೆರಡು...' ಅವನು ತಟ್ಟನೆ ಪುಸ್ತಕ ಮುಚ್ಚಿದ.

'ನನ್ನ ತಪ್ಪು ಬರೆದಿಟ್ಟುಕೊಳ್ಳುತ್ತಿದ್ದಾನೆ. ದೂರು ಕೊಡಲಿಕ್ಕೆ.'

ಮರುದಿನ ಗೋಡೆಯ ಮೇಲೆ ಅಜರ್ ಬರೆದ ಹಾಳೆಯೊಂದು ಅಂಟಿತ್ತು: ಕೇಳಿದ ತೂಕಕ್ಕೆ ಔಷಧವಿಲ್ಲ.

"ಕೆಳಗ ನಿನ್ನ ಹೆಸರೊಂದು ಬರಿಯೋದು ಬಿಟ್ಟಾರ ನೋಡು," ಎಂದು ಜೊತೆಯ ನರ್ಸ್ ತಾಹೇರಾ ನಕ್ಕಳು. ಅವಳದು ಬರೀ ತಮಾಷೆ. ಹುಮೇರಾಳಿಗೆ ಮಾತ್ರ ಅದು ಎದೆಗೆ ನಾಟಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಅವಳು ನೋಡಲಿಲ್ಲ. ಬಸವಕಲ್ಯಾಣದಲ್ಲಿ ಮನೆಯ ಹತ್ತಿರದ ಕ್ಲಿನಿಕ್ಕಿನಲ್ಲಿ ಕೆಲಸ ಕೇಳಿದಳು, ಸಿಕ್ಕಿತು, ಇಲ್ಲಿ ರಾಜೀನಾಮೆ ಬರೆದಳು. ಆರು ವರ್ಷದಲ್ಲಿ ಅವಳು ಗಳಿಸಿದ್ದು ಒಂದೇ, ತನ್ನ ಮಾತಿಗಿದ್ದ ಬೆಲೆ. ಅದು ಹೋದ ಕಡೆ ಇರುವುದು ಹೇಗೆ? ಮೂರು ವಾರ ಅಜರ್ ಏನು ಕೇಳಿದರೂ "ಹೌದ್ರಿ", "ಇಲ್ರಿ" ಎರಡೇ ಉತ್ತರ. ರಾತ್ರಿ ಮಾತ್ರ ಅವನ ನಗೆ ನೆನಪಾಗುತ್ತಿತ್ತು, ಅದಕ್ಕೇ ಸಿಟ್ಟು ಇಮ್ಮಡಿಯಾಗುತ್ತಿತ್ತು.

ಕೊನೆಯ ದಿನ ಮಧ್ಯಾಹ್ನ ಆಸ್ಪತ್ರೆಗೆ ಹೊಸ ಕಾಟಾ ಬಂತು, ಸ್ಟ್ರೆಚರ್ ಹಿಡಿಯುವಷ್ಟು ಅಗಲದ್ದು. ತೂಕ ಸರಿಯಿದೆಯೇ ಎಂದು ಹುಮೇರಾ ಸಲೈನ್ ಪೆಟ್ಟಿಗೆ ಇಟ್ಟು ನೋಡುತ್ತಿದ್ದಾಗ ಅಜರ್ ಒಳಗೆ ಬಂದ.

"ಹೊಂಟೀರಂತ, ಖರೆ ಏನ್ರಿ?"

"ಹೌದ್ರಿ."

"ಯಾಕ್ರಿ?"

ಈ ಸಲ ಎರಡು ಉತ್ತರದಲ್ಲಿ ಒಂದೂ ಹೊಂದಲಿಲ್ಲ. "ನನ್ನ ಹೆಸರು ನಿಮ್ಮ ಬುಕ್ಕಿನಾಗ ಏರ್ಯಾದಲ್ರಿ. ಇನ್ನ ಇದ್ದು ಏನ್ ಮಾಡ್ಲಿ?"

ಅವನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಜೇಬಿನಿಂದ ನೋಟುಬುಕ್ಕು ತೆಗೆದು ಅವಳ ಕೈಗಿಟ್ಟ. "ಮೊದಲನೇ ಪುಟದಿಂದ ಓದ್ರಿ."

ಮೊದಲ ಪುಟದಲ್ಲಿ ಅವನದೇ ಹೆಸರಿತ್ತು: ಅಜರ್. ಕೇಳಿದ ತೂಕ. ಸೆಳವು. ಇಪ್ಪತ್ತು ನಿಮಿಷ.

"ಆ ಕೂಸು..." ಅವಳ ದನಿ ಇಳಿಯಿತು.

"ಉಳೀತ್ರಿ. ಈಗ ಮೂರನೇ ಕ್ಲಾಸ್ ಓದಾಕತ್ತದ. ನಾನೇ ಇನ್ನೂ ಆ ಇಪ್ಪತ್ತು ನಿಮಿಷದಾಗ ಅದೀನಿ."

ಅವಳು ಪುಟ ತಿರುಗಿಸುತ್ತ ತನ್ನ ಹೆಸರಿನ ಬಳಿ ಬಂದಳು.

'ಹುಮೇರಾ, ಇಪ್ಪತ್ತೆರಡು ಎಂದು ಕೇಳಿ ಬರೆದರು. ಸ್ಟ್ರೆಚರ್ ಸಮೇತ ತೂಗುವ ದಾರಿ ತೋರಿಸಿದವರೂ ಅವರೇ. ಹದಿನೇಳು. ಮಗು ಕ್ಷೇಮ.' ಅದರ ಕೆಳಗೆ: 'ಅಜರ್, ಎಲ್ಲರ ಮುಂದೆ ಅವರ ಅಂಕಿಯ ಮೇಲೆ ಗೆರೆ ಎಳೆದದ್ದು ತಪ್ಪು. ಮಾಫಿ ಕೇಳಬೇಕು. ಧೈರ್ಯ ಸಾಲುತ್ತಿಲ್ಲ.'

ತಾರೀಕು ಮೂರು ವಾರದ ಹಿಂದಿನದು. ಹುಮೇರಾಳ ಕಣ್ಣು ತುಂಬಿ ಬಂತು. ನೋವು ತಡೆಯುವ ಕೆಲಸದ ಇಬ್ಬರು ಇಷ್ಟು ದಿನ ಸುಮ್ಮನೆ ನೋವು ತಿಂದಿದ್ದರು.

"ನಾನೂ ನೋಡ್ಲಾರದ ನಂಬಿದೆ," ಎಂದಳು ಮೆಲ್ಲಗೆ. "ಬರೇ ಕೇಳಿದ ತೂಕ, ನಂದೂನು."

"ಹುಮೇರಾ..." ಸಿಸ್ಟರ್ ಎನ್ನುವುದು ಈ ಸಲ ಬಿಟ್ಟುಹೋಯಿತು. "ನೀವು ಹೋಗಬ್ಯಾಡ್ರಿ. ಆಸ್ಪತ್ರಿಗಂತ ಅಲ್ಲ, ನನಗಂತ. ನನ್ನ ಮನಸ್ಸಿಗೆ ನೀವು ಭಾಳ ಬೇಕಾಗೀರಿ. ಮೂರು ವಾರ ತೂಗಿ ನೋಡಿ ಹೇಳಾಕತ್ತೇನಿ."

ಅವಳು ಕಾಟಾದ ಮೇಲಿನ ಪೆಟ್ಟಿಗೆ ಇಳಿಸಿದಳು. ರಾಜೀನಾಮೆ ಪತ್ರ ಯಾರ ಮೇಜಿನ ಮೇಲಿದೆ, ಈಗ ಹೋದರೆ ವಾಪಸು ಸಿಕ್ಕೀತೇ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

"ಸರಿಯಾಗಿ ತೂಗೀರಿ ಹೌದಿಲ್ಲೋ? ಉಡ್ಯಾಗ ಕಾಯಿ ಇಟ್ಟು ತೂಗಿಲ್ಲಲ್ರಿ?"

ಅಜರ್ ನಕ್ಕ. ಅದೇ ನಗೆ.

"ಇಟ್ಟೀನ್ರಿ. ನಿಮಗ ಕಮ್ಮಿ ಆಗಬಾರದಂತ."